ಬೇಸ್‌ಮೆಂಟ್ ಗೋಡೆಯ ಚೌಕಟ್ಟಿಗೆ ಎಷ್ಟು ಮರ ಬೇಕು? ಟೇಪು ಹಿಡಿಯುವುದರಿಂದ ಅಂಗಡಿ ಚೀಟಿಯವರೆಗೆ

ಅಮೆರಿಕದಲ್ಲಿ ಮನೆ ಕೊಂಡ ನಮ್ಮವರ ಕಣ್ಣು ಎರಡು ಮೂರು ವರ್ಷಕ್ಕೆ ಬೇಸ್‌ಮೆಂಟ್ ಮೇಲೆ ಬೀಳುತ್ತದೆ. ಊರಿಂದ ಅಪ್ಪ ಅಮ್ಮ ಬಂದರೆ ಒಂದು ರೂಮು ಬೇಕು. ಇಲ್ಲವೇ ಬಾಗಿಲು ಹಾಕಿಕೊಂಡು ಕೆಲಸ ಮಾಡಲು ಒಂದು ಜಾಗ ಬೇಕು. ನಾಲ್ಕು ವಿಡಿಯೊ ನೋಡಿದರೆ ಗೋಡೆ ಎಬ್ಬಿಸುವ ಧೈರ್ಯವೂ ಬರುತ್ತದೆ. ಆದರೆ ಮರ ಎಷ್ಟು ತರಬೇಕು ಅನ್ನುವಲ್ಲಿ ಒಬ್ಬರಾದ ಮೇಲೆ ಒಬ್ಬರು ಎಡವುತ್ತಾರೆ.

ಎಡವುವ ಜಾಗವೂ ಒಂದೇ. ಗೋಡೆಯ ಉದ್ದವನ್ನು 16 ಇಂಚಿನಿಂದ ಭಾಗಿಸುತ್ತಾರೆ, ಬಂದಷ್ಟು ಸ್ಟಡ್ (ಗೋಡೆಯೊಳಗೆ ನೆಟ್ಟಗೆ ನಿಲ್ಲುವ ಮರ) ಹೇರಿಕೊಂಡು ಬರುತ್ತಾರೆ. ಭಾನುವಾರ ಸಂಜೆ ಹೊತ್ತಿಗೆ ಬಾಗಿಲ ಪಕ್ಕಕ್ಕೆ ಮರ ಇರುವುದಿಲ್ಲ, ಮೂಲೆಯಲ್ಲಿ ಡ್ರೈವಾಲ್, ಅಂದರೆ ಚೌಕಟ್ಟಿನ ಮೇಲೆ ಹೊದಿಸುವ ಜಿಪ್ಸಮ್ ಹಾಳೆ, ಹಿಡಿಯಲು ಏನೂ ಇರುವುದಿಲ್ಲ. ನನ್ನ ಮೊದಲ ಗೋಡೆಗೆ ನಾನೂ ನಾಲ್ಕು ಸಲ ಅಂಗಡಿಗೆ ಓಡಿದ್ದೇನೆ. ಎರಡನೇ ಗೋಡೆಯ ಹೊತ್ತಿಗೆ ಭಾಗಾಕಾರ ಬಿಟ್ಟು, ಗೋಡೆಯನ್ನು ಕಾಗದದ ಮೇಲೆ ಬರೆದು ಒಂದೊಂದೇ ಮರ ಎಣಿಸಿದೆ. ಒಂದೇ ಓಡಾಟದಲ್ಲಿ ಮುಗಿಯಿತು. ಆ ಎಣಿಕೆಯನ್ನು ಇಲ್ಲಿ ಕ್ರಮವಾಗಿ ಹೇಳುತ್ತೇನೆ.

ಒಂದು ವಿಷಯ ಮೊದಲೇ ತಲೆಯಲ್ಲಿರಲಿ. ನಮ್ಮ ಊರಿನ ಟಿಂಬರ್ ಡಿಪೋದಲ್ಲಿ ಮರ ಅಂದರೆ ಸಿಎಫ್‌ಟಿ ಲೆಕ್ಕ, ಅಂದರೆ ಘನ ಅಡಿ. ಇಲ್ಲಿ ಗೋಡೆಯ ಮರ ಕೊಳ್ಳುವುದು ಪೀಸ್ ಲೆಕ್ಕದಲ್ಲಿ. ಹಾಗಾಗಿ ಒಟ್ಟು ಎಷ್ಟು ಅಡಿ ಮರ ಅನ್ನುವುದರಿಂದ ಏನೂ ಗೊತ್ತಾಗುವುದಿಲ್ಲ. ಯಾವ ಉದ್ದದ ಪೀಸ್, ಎಷ್ಟು ಪೀಸ್ ಅನ್ನುವುದೇ ಲೆಕ್ಕ.

ಶುರು ಮಾಡುವ ಮೊದಲು: ಇವು ಕಂಡರೆ ನಿಲ್ಲಿಸಿ

ಈ ಲೆಕ್ಕ ಭಾರ ಹೊರದ ಒಳಗೋಡೆಗೆ ಮಾತ್ರ. ಮೇಲಿನ ಮಹಡಿಯ ಭಾರ ಗೋಡೆಯ ಮೇಲೆ ಬರುವ ಹಾಗಿದ್ದರೆ, ಇಲ್ಲವೇ ಈಗಿರುವ ಕಬ್ಬಿಣದ ಕಂಬ ಅಥವಾ ತೊಲೆಯನ್ನು ಮುಟ್ಟಬೇಕಾಗಿ ಬಂದರೆ, ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅದರ ಹೆಡರ್ (ಬಾಗಿಲ ಮೇಲಿನ ಅಡ್ಡ ಮರ), ಅದರ ಸ್ಟಡ್ ಲೆಕ್ಕ ಎಲ್ಲವೂ ಬೇರೆ.

ಕಾಂಕ್ರೀಟ್ ನೆಲ ಒದ್ದೆಯಾಗಿದೆಯಾ ನೋಡಿ. ಒಂದೂವರೆ ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪು ಹಚ್ಚಿ ನೆಲಕ್ಕೆ ಅಂಟಿಸಿ, ಒಂದು ದಿನ ಬಿಡಿ. ತೆಗೆದಾಗ ಅಡಿಯಲ್ಲಿ ನೀರಿನ ಹನಿ ಇದ್ದರೆ, ನೆಲ ಕಪ್ಪಾಗಿದ್ದರೆ, ಮರ ತರಬೇಡಿ. ಮೊದಲು ನೀರಿನ ಸಮಸ್ಯೆ ಸರಿಮಾಡಿಸಿ. ಗೋಡೆಯ ಬುಡದಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಅದೂ ನೀರು ಒಸರಿದ್ದರ ಗುರುತೇ.

ಹೆಚ್ಚಿನ ಊರುಗಳಲ್ಲಿ ಬೇಸ್‌ಮೆಂಟ್ ಕೆಲಸಕ್ಕೆ ಪರ್ಮಿಟ್ ಬೇಕು. ಅಪ್ಪ ಅಮ್ಮ ಮಲಗುವ ರೂಮು ಅಂದರಂತೂ, ಬೆಂಕಿ ಬಿದ್ದಾಗ ಹೊರಗೆ ಹತ್ತಿ ಬರುವಷ್ಟು ದೊಡ್ಡ ಕಿಟಕಿ ಇರಲೇಬೇಕು. ಕಿಟಕಿಯ ಕೆಳ ಅಂಚು ನೆಲದಿಂದ 44 ಇಂಚಿಗಿಂತ ಎತ್ತರ ಇರಬಾರದು ಅನ್ನುವುದು ಸಾಮಾನ್ಯ ನಿಯಮ. ಇದನ್ನು ಗೋಡೆ ಎದ್ದ ಮೇಲೆ ನೋಡಿದರೆ ತುಂಬಾ ತಡ.

ಡೆನ್ವರ್ ಕಡೆ ಇರುವವರಿಗೆ ಇನ್ನೊಂದು ಮಾತು. ಅಲ್ಲಿನ ಮಣ್ಣು ನೀರು ಕುಡಿದು ಉಬ್ಬುತ್ತದೆ, ನೆಲವನ್ನೇ ಮೇಲೆತ್ತುತ್ತದೆ. ಅದಕ್ಕೆ ಅಲ್ಲಿ ಬೇಸ್‌ಮೆಂಟ್ ಗೋಡೆಯನ್ನು ಮೇಲಿನ ಜಂತೆಗೆ ತೂಗುಹಾಕಿ ಕೆಳಗೆ ಸಂದಿ ಬಿಡುತ್ತಾರೆ. ಕೆಳಗೆ ಒಂದು ಪ್ಲೇಟ್ (ಉದ್ದಕ್ಕೂ ಮಲಗಿಸುವ ಮರ) ಹೆಚ್ಚು ಬೇಕಾಗುತ್ತದೆ, ಸ್ಟಡ್ ಅಷ್ಟು ಗಿಡ್ಡವಾಗುತ್ತದೆ. ಎಷ್ಟು ಸಂದಿ ಅನ್ನುವುದನ್ನು ಪರ್ಮಿಟ್ ಕಚೇರಿಯಲ್ಲೇ ಕೇಳಿ ಲೆಕ್ಕ ಶುರು ಮಾಡಿ.

ಕೈಯಲ್ಲಿ ಇರಬೇಕಾದ್ದು

25 ಅಡಿಯ ಟೇಪು, ಚೌಕಳಿ ಕಾಗದ, ಪೆನ್ಸಿಲ್, ನೆಲದ ಮೇಲೆ ಗೆರೆ ಹೊಡೆಯಲು ಸೀಮೆಸುಣ್ಣದ ದಾರ, ರಸಮಟ್ಟ ಅಥವಾ ಲೇಸರ್ ಲೆವೆಲ್. ಇಷ್ಟು ಸಾಕು. ಲೇಸರ್ ಇದ್ದರೆ ನೆಲದ ಗೆರೆಯನ್ನು ಮೇಲಿನ ಜಂತೆಗೆ ಒಯ್ಯುವುದು ಸುಲಭ. ಇಲ್ಲದಿದ್ದರೆ ತೂಗುಗುಂಡು ಕಟ್ಟಿದ ದಾರವೂ ಅದೇ ಕೆಲಸ ಮಾಡುತ್ತದೆ.

ಎಲ್ಲ ಅಳತೆಯನ್ನೂ ಇಂಚಿನಲ್ಲೇ ಬರೆಯಿರಿ. ಒಂದು ಕಡೆ 11 ಅಡಿ 4 ಇಂಚು, ಇನ್ನೊಂದು ಕಡೆ 136 ಇಂಚು ಅಂತ ಬರೆದರೆ ಕೂಡಿಸುವಾಗ ತಪ್ಪುತ್ತದೆ. ಅಂಗಡಿ ಚೀಟಿ ಬರೆಯುವಾಗ ಮಾತ್ರ ಅಡಿಗೆ ಬನ್ನಿ.

ಹೆಸರು ಬೇರೆ, ಅಳತೆ ಬೇರೆ

ಟು ಬೈ ಫೋರ್ ಅಂತ ಎಲ್ಲರೂ ಕರೆಯುವ 2×4 ಮರ ನಿಜಕ್ಕೂ ಎರಡಿಂಚು ನಾಲ್ಕಿಂಚು ಇಲ್ಲ. ಒಣಗಿಸಿ, ಹೆರೆದ ಮೇಲೆ ಅದು ಒಂದೂವರೆ ಇಂಚು ದಪ್ಪ, ಮೂರೂವರೆ ಇಂಚು ಅಗಲ. 2×6 ಒಂದೂವರೆಗೆ ಐದೂವರೆ. ಲೆಕ್ಕದಲ್ಲಿ ಎಲ್ಲೇ ಪ್ಲೇಟಿನ ದಪ್ಪ ಬಂದರೂ ಒಂದೂವರೆ ಇಂಚು ಹಾಕಿ. ಎರಡಿಂಚು ಅಂತ ಹಿಡಿದು ಎಲ್ಲ ಸ್ಟಡ್ಡನ್ನೂ ಒಂದಿಂಚು ಗಿಡ್ಡ ಕತ್ತರಿಸಿದವರಿದ್ದಾರೆ. ಕತ್ತರಿಸಿದ್ದನ್ನು ಉದ್ದ ಮಾಡಲು ಆಗುವುದಿಲ್ಲ ಅಲ್ವಾ.

ಭಾಗಗಳ ಹೆಸರು ಬೇಗ ಹೇಳಿಬಿಡುತ್ತೇನೆ. ನೆಲದ ಮೇಲೆ ಮಲಗುವುದು ಕೆಳ ಪ್ಲೇಟ್. ಜಂತೆಗೆ, ಅಂದರೆ ಇಲ್ಲಿನವರು ಜಾಯಿಸ್ಟ್ ಅನ್ನುವ ಮರಕ್ಕೆ ತಾಗುವುದು ಮೇಲ್ ಪ್ಲೇಟ್. ನಡುವೆ ನಿಲ್ಲುವವು ಸ್ಟಡ್. ಬಾಗಿಲ ಎರಡೂ ಪಕ್ಕದಲ್ಲಿ ಪೂರ್ತಿ ಎತ್ತರಕ್ಕೆ ನಿಲ್ಲುವುದು ಕಿಂಗ್ ಸ್ಟಡ್. ಅದಕ್ಕೆ ಅಂಟಿಕೊಂಡು ಗಿಡ್ಡಗೆ ನಿಲ್ಲುವುದು ಜ್ಯಾಕ್. ಜ್ಯಾಕುಗಳ ತಲೆಯ ಮೇಲೆ ಅಡ್ಡ ಕೂರುವುದು ಹೆಡರ್. ಹೆಡರ್ ಮೇಲಿನ ಚಿಕ್ಕ ಚಿಕ್ಕ ತುಂಡುಗಳು ಕ್ರಿಪ್ಪಲ್.

ಹಂತ 1: ಗೋಡೆಯನ್ನು ನೆಲದ ಮೇಲೇ ಬರೆಯಿರಿ

ಕಾಗದಕ್ಕಿಂತ ಮೊದಲು ನೆಲ. ಸೀಮೆಸುಣ್ಣದ ದಾರದಿಂದ ಗೋಡೆಯ ಎರಡೂ ಅಂಚಿಗೆ ಗೆರೆ ಹೊಡೆಯಿರಿ, ನಡುವೆ ಮೂರೂವರೆ ಇಂಚು. ಬಾಗಿಲು ಎಲ್ಲಿ ಅಂತ ಗುರುತು ಮಾಡಿ, ಯಾವ ಕಡೆ ತೆರೆಯುತ್ತದೆ ಅಂತ ಕಾಲು ವೃತ್ತ ಎಳೆಯಿರಿ. ಆಮೇಲೆ ಆ ಗೆರೆಗಳ ನಡುವೆ ಒಂದು ಸಲ ಓಡಾಡಿ. ಬಾಗಿಲು ಫರ್ನೇಸಿಗೆ ಬಡಿಯುತ್ತದೆ, ಎಲೆಕ್ಟ್ರಿಕ್ ಪ್ಯಾನೆಲ್ ಮುಂದೆ ಜಾಗ ಸಾಲುತ್ತಿಲ್ಲ ಅನ್ನುವುದೆಲ್ಲ ಇಲ್ಲೇ ಗೊತ್ತಾಗುತ್ತದೆ. ಈಗ ಗೆರೆ ಅಳಿಸಿದರಾಯಿತು.

ಇಡೀ ಲೇಖನಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬೇಸ್‌ಮೆಂಟಿನ ಒಂದು ಮೂಲೆಯಲ್ಲಿ ರೂಮು. ಎರಡು ಕಡೆ ಹೊರಗೋಡೆಯ ಒಳಮೈಗೆ ಈಗಾಗಲೇ ಮರದ ಚೌಕಟ್ಟು ನಿಂತಿದೆ, ಡ್ರೈವಾಲ್ ಇನ್ನೂ ಹಾಕಿಲ್ಲ. ನಾವು ಎಬ್ಬಿಸಬೇಕಾದ್ದು ಎರಡು ಹೊಸ ಗೋಡೆ. ಉದ್ದ ಗೋಡೆ 18 ಅಡಿ, ಅಂದರೆ 216 ಇಂಚು, ಅದರಲ್ಲೊಂದು ಬಾಗಿಲು. ಗಿಡ್ಡ ಗೋಡೆ 11 ಅಡಿ 4 ಇಂಚು, ಅಂದರೆ 136 ಇಂಚು, ಬಾಗಿಲಿಲ್ಲ. ಎರಡೂ ಒಂದು ಹೊಸ ಮೂಲೆಯಲ್ಲಿ ಸೇರುತ್ತವೆ.

ಇಲ್ಲಿ ಮೊದಲ ತಪ್ಪು ಕಾದಿರುತ್ತದೆ. ಮೂಲೆಯಲ್ಲಿ ಎರಡೂ ಗೋಡೆ ಪೂರ್ತಿ ಓಡಲು ಆಗುವುದಿಲ್ಲ. ಒಂದು ಕೊನೆಯವರೆಗೆ ಹೋಗುತ್ತದೆ, ಇನ್ನೊಂದು ಅದರ ಹೊಟ್ಟೆಗೆ ತಾಗಿ ನಿಲ್ಲುತ್ತದೆ. ನಮ್ಮ ಉದಾಹರಣೆಯಲ್ಲಿ ಉದ್ದ ಗೋಡೆ ಪೂರ್ತಿ ಓಡುತ್ತದೆ. ಗಿಡ್ಡ ಗೋಡೆಯ 136 ಇಂಚನ್ನು ಉದ್ದ ಗೋಡೆಯ ಒಳ ಅಂಚಿನಿಂದ ಅಳೆದಿದ್ದೇವೆ. ಇದನ್ನು ಮರೆತರೆ ಆ ಮೂರೂವರೆ ಇಂಚು ಎರಡು ಸಲ ಲೆಕ್ಕಕ್ಕೆ ಬರುತ್ತದೆ.

ಹಂತ 2: ಎತ್ತರವನ್ನು ಒಂದೇ ಕಡೆ ಅಳೆಯಬೇಡಿ

ಬೇಸ್‌ಮೆಂಟ್ ನೆಲ ಸಮ ಇರುವುದು ಅಪರೂಪ. ನೀರು ಹರಿಯಲು ಒಂದು ಕಡೆ ಇಳಿಜಾರು ಕೊಟ್ಟಿರುತ್ತಾರೆ. ಗೋಡೆಯ ಗೆರೆಯುದ್ದಕ್ಕೂ ನಾಲ್ಕು ಅಡಿಗೊಂದು ಕಡೆ, ನೆಲದಿಂದ ಜಂತೆಯ ಕೆಳಮೈವರೆಗೆ ಅಳೆದು ನೆಲದ ಮೇಲೇ ಬರೆಯಿರಿ. ಎಲ್ಲಕ್ಕಿಂತ ಕಡಿಮೆ ಬಂದ ಸಂಖ್ಯೆಯೇ ನಿಮ್ಮ ಎತ್ತರ.

ನಮ್ಮ ಗೋಡೆಗೆ ಅದು 94 ಇಂಚು ಅಂತ ಇಟ್ಟುಕೊಳ್ಳಿ. ಭಾರ ಹೊರದ ಗೋಡೆಗೆ ಮೇಲ್ ಪ್ಲೇಟ್ ಒಂದೇ ಸಾಕು. 94ರಿಂದ ಎರಡು ಪ್ಲೇಟಿನ 3 ಇಂಚು ಕಳೆದರೆ 91. ಗೋಡೆಯನ್ನು ನೆಲದ ಮೇಲೆ ಮಲಗಿಸಿ ಜೋಡಿಸಿ ಎತ್ತುವುದಾದರೆ, ಎತ್ತುವಾಗ ಅದರ ಮೂಲೆ ಜಂತೆಗೆ ತಾಗುತ್ತದೆ. ಅದಕ್ಕೆ ಕಾಲು ಇಂಚು ಬಿಡಬೇಕು. ಹಾಗಾಗಿ ಸ್ಟಡ್ಡಿನ ಉದ್ದ 90 ಮುಕ್ಕಾಲು ಇಂಚು. ಮೇಲೆ ಉಳಿಯುವ ಸಂದಿಗೆ ಆಮೇಲೆ ತೆಳು ಮರದ ಚಕ್ಕೆ ತುರುಕಿದರೆ ಬಿಗಿಯಾಗುತ್ತದೆ.

ಕೆಲವರು ಮೇಲೆ ಎರಡು ಪ್ಲೇಟ್ ಇಡುತ್ತಾರೆ. ಒಂದನ್ನು ಮೊದಲೇ ಜಂತೆಗೆ ಹೊಡೆದು, ಗೋಡೆಯನ್ನು ಅದರ ಅಡಿಗೆ ಜಾರಿಸುತ್ತಾರೆ. ಒಬ್ಬರೇ ಕೆಲಸ ಮಾಡುವವರಿಗೆ ಅದು ಒಳ್ಳೆಯ ದಾರಿ. ಆಗ ಸ್ಟಡ್ ಇನ್ನೂ ಒಂದೂವರೆ ಇಂಚು ಗಿಡ್ಡ, ಮೇಲ್ ಪ್ಲೇಟಿನ ಮರ ಎರಡರಷ್ಟು. ಯಾವ ದಾರಿ ಅಂತ ಈಗಲೇ ತೀರ್ಮಾನ ಮಾಡಿ, ನಡುವೆ ಬದಲಾಯಿಸಬೇಡಿ.

ಎಚ್ಚರಿಕೆಯ ಗುರುತು: ಅತಿ ಹೆಚ್ಚು ಮತ್ತು ಅತಿ ಕಡಿಮೆ ಅಳತೆಯ ನಡುವೆ ಅರ್ಧ ಇಂಚಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ಮಲಗಿಸಿ ಎತ್ತುವ ಆಸೆ ಬಿಡಿ. ಪ್ಲೇಟ್ ಎರಡನ್ನೂ ಮೊದಲು ಕೂರಿಸಿ, ಒಂದೊಂದು ಸ್ಟಡ್ಡನ್ನೂ ಅದರದರ ಜಾಗದಲ್ಲಿ ಅಳೆದು ಕತ್ತರಿಸಿ. ಮರದ ಸಂಖ್ಯೆ ಬದಲಾಗುವುದಿಲ್ಲ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ಗಾಳಿಯ ಡಕ್ಟ್ ಅಡಿಯಲ್ಲಿ ಹೋಗುವ ಭಾಗ ಇದ್ದರೆ ಅದನ್ನು ಬೇರೆ ಗೋಡೆ ಅಂತಲೇ ಲೆಕ್ಕ ಹಾಕಿ.

ಹಂತ 3: ಸ್ಟಡ್ ಜಾಗ ಗುರುತಿಸಿ, ಎಣಿಸಿ

ಸ್ಟಡ್ಡಿನ ನಡುವಿನಿಂದ ಇನ್ನೊಂದರ ನಡುವಿಗೆ 16 ಇಂಚು. ಭಾರ ಹೊರದ ಗೋಡೆಗೆ 24 ಇಂಚೂ ನಡೆಯುತ್ತದೆ. ಆದರೆ ಅರ್ಧ ಇಂಚಿನ ಡ್ರೈವಾಲ್ 24ರ ಅಂತರದಲ್ಲಿ ಒತ್ತಿದರೆ ಸ್ವಲ್ಪ ಒಳಗೆ ಹೋದಂತೆ ಅನ್ನಿಸುತ್ತದೆ. ಉಳಿಯುವುದು ಏಳೆಂಟು ಸ್ಟಡ್. ನನ್ನ ಮಾತು ಕೇಳಿದರೆ 16ನ್ನೇ ಹಿಡಿಯಿರಿ.

ಚೌಕಳಿ ಕಾಗದದ ಮೇಲೆ ಗೋಡೆಯನ್ನು ಎದುರಿಂದ ನೋಡಿದ ಹಾಗೆ ಬರೆಯಿರಿ. ಎಡ ತುದಿಯಲ್ಲಿ ಒಂದು ಸ್ಟಡ್. ಆಮೇಲೆ 16, 32, 48 ಹೀಗೆ ಗುರುತು. ಕೊನೆಯಲ್ಲಿ, ಲೆಕ್ಕಕ್ಕೆ ಬರಲಿ ಬಿಡಲಿ, ಇನ್ನೊಂದು ಸ್ಟಡ್. ಉದ್ದ ಗೋಡೆಗೆ ಎಡ ತುದಿ 1, 16ರಿಂದ 208ರವರೆಗೆ 13, ಬಲ ತುದಿ 1. ಒಟ್ಟು 15. ಗಿಡ್ಡ ಗೋಡೆಗೆ ಎಡ ತುದಿ 1, 16ರಿಂದ 128ರವರೆಗೆ 8, ಬಲ ತುದಿ 1. ಒಟ್ಟು 10.

ಗುರುತು ಹಾಕುವಾಗ ಒಂದು ಸೂಕ್ಷ್ಮ ಇದೆ. 16ರ ಗುರುತು ಸ್ಟಡ್ಡಿನ ನಡುವಿಗೆ ಬರಬೇಕು. ಸ್ಟಡ್ ಒಂದೂವರೆ ಇಂಚು ದಪ್ಪ, ಅದರ ಅರ್ಧ ಮುಕ್ಕಾಲು ಇಂಚು. ಆದ್ದರಿಂದ ಸ್ಟಡ್ಡಿನ ಅಂಚು 15 ಕಾಲು ಇಂಚಿನಲ್ಲಿ ಶುರುವಾಗಬೇಕು. ಅಲ್ಲಿಂದ ಮುಂದೆ 16, 16. ಹೀಗೆ ಮಾಡಿದರೆ 4 ಅಡಿ ಅಥವಾ 8 ಅಡಿಯ ಡ್ರೈವಾಲ್ ಹಾಳೆಯ ಅಂಚು ಸರಿಯಾಗಿ ಸ್ಟಡ್ಡಿನ ನಡುವೆ ಬಂದು ಕೂರುತ್ತದೆ. ಮೊದಲ ಸ್ಟಡ್ಡಿನ ನಡುವಿನಿಂದ 16 ಅಳೆದವರಿಗೆ ಪ್ರತಿ ಹಾಳೆಯ ಅಂಚೂ ಮುಕ್ಕಾಲು ಇಂಚು ತಪ್ಪುತ್ತದೆ. ಆಗ ಹಾಳೆ ಹಿಡಿಯಲು ಪಕ್ಕದಲ್ಲಿ ಇನ್ನೊಂದು ಸ್ಟಡ್ ಕೂರಿಸಬೇಕು. ಚೀಟಿಯಲ್ಲಿ ಇಲ್ಲದ ಮರ ಹೀಗೇ ಖರ್ಚಾಗುವುದು.

ಹಂತ 4: ಬಾಗಿಲು ಮರ ತೆಗೆಯುತ್ತದೆ, ಕೊಡುತ್ತದೆ

ಬಾಗಿಲ ಜಾಗ ಖಾಲಿ, ಅಷ್ಟು ಸ್ಟಡ್ ಉಳಿಯಿತು ಅಂತ ಕಳೆಯುವವರೇ ಹೆಚ್ಚು. ಅಲ್ಲಿಂದಲೇ ಮರ ಕಡಿಮೆ ಬೀಳುವುದು. ಬಾಗಿಲು ಎರಡು ಸ್ಟಡ್ ತೆಗೆದರೆ ನಾಲ್ಕೈದು ತುಂಡು ಕೇಳುತ್ತದೆ.

ಮೊದಲು ಎಷ್ಟು ದೊಡ್ಡ ಕಿಂಡಿ ಬಿಡಬೇಕು ನೋಡಿ. 32 ಇಂಚು ಅಗಲ, 80 ಇಂಚು ಎತ್ತರದ, ಚೌಕಟ್ಟಿನ ಜೊತೆಗೇ ಬರುವ ಬಾಗಿಲಿಗೆ ಅಗಲದಲ್ಲಿ 2 ಇಂಚು, ಎತ್ತರದಲ್ಲಿ ಎರಡೂವರೆ ಇಂಚು ಸೇರಿಸಿ. ಅಂದರೆ 34 ಅಗಲ, 82 ಅರೆ ಎತ್ತರ. ನೆಲಕ್ಕೆ ದಪ್ಪ ಹೊದಿಕೆ ಬರುವುದಾದರೆ ಎತ್ತರಕ್ಕೆ ಅದನ್ನೂ ಸೇರಿಸಿ. ಬಾಗಿಲ ಪೆಟ್ಟಿಗೆಯ ಮೇಲೆ ಬರೆದ ಅಳತೆ ಬೇರೆ ಇದ್ದರೆ ಅದನ್ನೇ ನಂಬಿ.

ಈಗ ಬಾಗಿಲನ್ನು ಎಲ್ಲಿ ಕೂರಿಸುವುದು? ನಮ್ಮ ಗೋಡೆಯಲ್ಲಿ ಎಡ ತುದಿಯಿಂದ ಸುಮಾರು 5 ಅಡಿಗೆ ಶುರುವಾಗಲಿ ಅಂದುಕೊಂಡಿದ್ದೆವು. 60ಕ್ಕೆ ಶುರು ಮಾಡುವ ಬದಲು ಕಾಲು ಇಂಚು ಎಡಕ್ಕೆ ಸರಿಸಿ ನೋಡಿ. ಕಿಂಡಿ 59 ಮುಕ್ಕಾಲಿನಿಂದ 93 ಮುಕ್ಕಾಲಿನವರೆಗೆ ಬರುತ್ತದೆ. ಬಲಗಡೆ ಜ್ಯಾಕ್ 95 ಕಾಲಿನವರೆಗೆ. ಅಲ್ಲಿಂದ ಕಿಂಗ್ ಸ್ಟಡ್, ಅದರ ನಡು ಸರಿಯಾಗಿ 96ರ ಗುರುತಿಗೆ! ಹೇಗೂ ಅಲ್ಲಿ ಒಂದು ಸ್ಟಡ್ ಬರಲೇಬೇಕಿತ್ತು, ಅದೇ ಕಿಂಗ್ ಆಯಿತು. ಒಂದು ಮರ ಉಳಿಯಿತು, ಎರಡು ಸ್ಟಡ್ ಪಕ್ಕಪಕ್ಕ ಇರುಕಿಕೊಳ್ಳುವುದೂ ತಪ್ಪಿತು. ಬಾಗಿಲನ್ನು ಒಂದೆರಡು ಇಂಚು ಆಚೀಚೆ ಮಾಡುವ ಸ್ವಾತಂತ್ರ್ಯ ಇದ್ದರೆ ಯಾವಾಗಲೂ ಹೀಗೆ ಸರಿಸಿ ನೋಡಿ.

ಲೆಕ್ಕ ಹೀಗೆ. 15 ಸ್ಟಡ್ಡಿನಲ್ಲಿ 64 ಮತ್ತು 80ರ ಗುರುತಿನವು ಕಿಂಡಿಯೊಳಗೆ ಬೀಳುತ್ತವೆ, ತೆಗೆಯಿರಿ. ಉಳಿದದ್ದು 13. ಎಡಗಡೆಗೆ ಒಂದು ಕಿಂಗ್ ಸೇರಿಸಿ, 14. ಬಲಗಡೆಯದು ಆಗಲೇ ಎಣಿಕೆಯಲ್ಲಿದೆ.

ಜ್ಯಾಕ್ ಎರಡು. 82 ಅರೆಯಿಂದ ಕೆಳ ಪ್ಲೇಟಿನ ಒಂದೂವರೆ ಕಳೆದರೆ ತಲಾ 81 ಇಂಚು. ಒಂದು ಸ್ಟಡ್ಡಿನಿಂದ ಒಂದೇ ಜ್ಯಾಕ್ ಬರುತ್ತದೆ, ಹಾಗಾಗಿ ಎರಡು ಪೀಸ್.

ಹೆಡರ್ ಉದ್ದ 34 ಇಂಚು ಜೊತೆಗೆ ಎರಡು ಜ್ಯಾಕಿನ 3 ಇಂಚು, ಒಟ್ಟು 37. ಭಾರ ಹೊರದ ಗೋಡೆಯಲ್ಲಿ ಇಷ್ಟು ಅಗಲಕ್ಕೆ ಮಲಗಿಸಿದ ಒಂದು 2×4 ಸಾಕು. ಅದರ ಮೇಲೆ ಕ್ರಿಪ್ಪಲ್, ಉದ್ದ 8 ಕಾಲು ಇಂಚು. 64 ಮತ್ತು 80ರ ಗುರುತಿಗೆ ಒಂದೊಂದು, ಎರಡೂ ತುದಿಗೆ ಒಂದೊಂದು, ಒಟ್ಟು ನಾಲ್ಕು. ಹೆಡರ್, ಕ್ರಿಪ್ಪಲ್ ಸೇರಿ 70 ಇಂಚು, ಒಂದೇ ಪೀಸಿನಲ್ಲಿ ಮುಗಿಯಿತು. ಕ್ರಿಪ್ಪಲ್ಲನ್ನು ಬಿಟ್ಟುಬಿಡಬೇಡಿ. ಅವಿಲ್ಲದಿದ್ದರೆ ಬಾಗಿಲ ಮೇಲಿನ ಡ್ರೈವಾಲ್ ಜೋಡಣೆಗೆ ಹಿಡಿತವೇ ಇರುವುದಿಲ್ಲ, ಬಾಗಿಲು ಬಡಿದಾಗಲೆಲ್ಲ ಅಲ್ಲಿ ಬಿರುಕು ಬರುತ್ತದೆ.

ಹಂತ 5: ಮೂಲೆ ಮತ್ತು ಕೂಡುವ ಜಾಗ

ಗೋಡೆ ನಿಲ್ಲಲು ಎಷ್ಟು ಮರ ಬೇಕು ಅನ್ನುವುದಷ್ಟೇ ಅಲ್ಲ, ಡ್ರೈವಾಲ್ ಹಾಳೆಯ ಪ್ರತಿ ಅಂಚಿನ ಹಿಂದೆ ಮರ ಇದೆಯಾ ಅನ್ನುವುದನ್ನು ಕೇಳಿಕೊಳ್ಳಬೇಕು. ಮೂಲೆಯಲ್ಲಿ ಈ ಪ್ರಶ್ನೆ ಮರೆತರೆ ಹಾಳೆಯ ಅಂಚು ಗಾಳಿಯಲ್ಲಿ ತೇಲುತ್ತದೆ.

ಹೊಸ ಮೂಲೆಗೆ ಉದ್ದ ಗೋಡೆಯ ತುದಿ ಸ್ಟಡ್ಡಿಗೆ ಇನ್ನೊಂದು ಸ್ಟಡ್ಡನ್ನು ಎಲ್ ಆಕಾರದಲ್ಲಿ, ಅಗಲವಾಗಿ ತಿರುಗಿಸಿ ಹೊಡೆಯಿರಿ. ಒಳಗಿನ ಡ್ರೈವಾಲ್ ಹಿಡಿಯುವುದು ಇದೇ. 1 ಪೀಸ್ ಹೆಚ್ಚು.

ಎರಡೂ ಗೋಡೆಗಳ ಇನ್ನೊಂದು ತುದಿ ಹಳೆಯ ಚೌಕಟ್ಟಿಗೆ ಸೇರುತ್ತದಲ್ಲ, ಅಲ್ಲಿ ಹಳೆಯ ಗೋಡೆಯೊಳಗೆ ಮೂರೂವರೆ ಇಂಚು ಅಂತರದಲ್ಲಿ ಎರಡು ಸ್ಟಡ್ ನಿಲ್ಲಿಸಿ, ನಡುವೆ ಮೂರು ಚೂರು ಮರ ತುಂಬಿ. ಹೊಸ ಗೋಡೆಗೆ ಮೊಳೆ ಹೊಡೆಯಲು ಆ ಚೂರುಗಳು, ಎರಡೂ ಪಕ್ಕದ ಡ್ರೈವಾಲ್ ಹಿಡಿಯಲು ಆ ಸ್ಟಡ್ಡುಗಳು. ಒಂದು ಕಡೆಗೆ 2, ಎರಡು ಕಡೆಗೆ 4 ಪೀಸ್. ಚೂರುಗಳಿಗೆ ಹೊಸ ಮರ ಬೇಡ. ಜ್ಯಾಕ್ ಕತ್ತರಿಸಿ ಉಳಿದ ತುಂಡು, ಹೆಡರ್ ಪೀಸಿನಲ್ಲಿ ಮಿಕ್ಕ 22 ಇಂಚು, ಇಷ್ಟರಲ್ಲೇ ಐದೈದು ಇಂಚಿನ ಆರು ಚೂರು ಬರುತ್ತವೆ.

ಹಂತ 6: ಎಲ್ಲರೂ ಮರೆಯುವ ತುಂಡುಗಳು

ತಲೆ ಎತ್ತಿ ಜಂತೆ ಯಾವ ದಿಕ್ಕಿಗೆ ಹೋಗುತ್ತದೆ ನೋಡಿ. ಗೋಡೆ ಜಂತೆಗೆ ಅಡ್ಡಲಾಗಿ ಹೋದರೆ ಚಿಂತೆಯಿಲ್ಲ, ಪ್ರತಿ ಜಂತೆಗೂ ಮೇಲ್ ಪ್ಲೇಟನ್ನು ಹೊಡೆಯಬಹುದು. ಗೋಡೆ ಜಂತೆಯ ಜೊತೆಜೊತೆಗೇ ಓಡಿದರೆ, ಮೇಲ್ ಪ್ಲೇಟ್ ಎರಡು ಜಂತೆಯ ನಡುವಿನ ಖಾಲಿ ಜಾಗದ ಅಡಿಗೆ ಬರಬಹುದು. ಆಗ ಜಂತೆಯಿಂದ ಜಂತೆಗೆ ಅಡ್ಡ ತುಂಡು ಕೂರಿಸಲೇಬೇಕು.

ನಮ್ಮ ಉದ್ದ ಗೋಡೆ ಹಾಗೇ ಇದೆ ಅನ್ನಿ. ಎರಡು ಅಡಿಗೊಂದು ತುಂಡು. 216ನ್ನು 24ರಿಂದ ಭಾಗಿಸಿದರೆ 9, ತುದಿಗೆ ಇನ್ನೊಂದು, ಒಟ್ಟು 10. ಜಂತೆಗಳು 16ರ ಅಂತರದಲ್ಲಿದ್ದರೆ ಒಂದೊಂದು ತುಂಡು 14 ಅರೆ ಇಂಚು. ಒಂದು ಸ್ಟಡ್ಡಿನಿಂದ ಆರು ಬರುತ್ತವೆ, ಗರಗಸ ತಿನ್ನುವ ಹುಡಿ ಸೇರಿಸಿದರೂ ಸಾಲುತ್ತದೆ. ಹಾಗಾಗಿ 2 ಪೀಸ್.

ಆಮೇಲೆ ಗೋಡೆಗೆ ಏನೇನು ತೂಗುಹಾಕುತ್ತೀರಿ ಅಂತ ಮನೆಯವರ ಜೊತೆ ಕೂತು ಮಾತಾಡಿ. ಟಿವಿ, ಪುಸ್ತಕದ ಕಪಾಟು, ಅಪ್ಪ ಅಮ್ಮನಿಗೆ ಹಿಡಿದುಕೊಳ್ಳಲು ಬಚ್ಚಲಿನ ಹಿಡಿಕೆ. ಇವಕ್ಕೆಲ್ಲ ಡ್ರೈವಾಲ್ ಹಿಂದೆ ಅಡ್ಡ ಮರ ಬೇಕು. ಹಿಡಿಕೆಯ ವಿಷಯದಲ್ಲಂತೂ ರಾಜಿ ಬೇಡ, ವಯಸ್ಸಾದವರು ಜಾರಿದಾಗ ಇಡೀ ಮೈಭಾರ ಅದರ ಮೇಲೆ ಬೀಳುತ್ತದೆ. ಅಡ್ಡ ಮರಕ್ಕೆ 2×6 ಒಳ್ಳೆಯದು, ಅಗಲ ಹೆಚ್ಚಾದ್ದರಿಂದ ಸ್ಕ್ರೂ ಆಚೀಚೆ ಆದರೂ ಮರ ಸಿಗುತ್ತದೆ. ನಮ್ಮ ಗಿಡ್ಡ ಗೋಡೆಯಲ್ಲಿ ಟಿವಿಗೆ 8 ಅಡಿಯ 2×6 ಒಂದು ಬರೆದುಕೊಳ್ಳಿ.

ಹೊರಗೋಡೆಯ ಕಾಂಕ್ರೀಟಿಗೂ ಮರದ ಚೌಕಟ್ಟಿಗೂ ನಡುವೆ ಸಂದಿ ಇದ್ದರೆ, ಬೆಂಕಿ ಆ ಸಂದಿಯಲ್ಲಿ ಮೇಲೆ ಹತ್ತದಂತೆ ಮೇಲ್ಗಡೆ ಮುಚ್ಚಬೇಕು. ಉದ್ದಕ್ಕೂ 10 ಅಡಿಗೊಂದು ಕಡೆ ತಡೆಯೂ ಬೇಕು. ಇನ್‌ಸ್ಪೆಕ್ಟರ್ ಮೊದಲು ಟಾರ್ಚ್ ಬಿಟ್ಟು ನೋಡುವ ಜಾಗಗಳಲ್ಲಿ ಇದೂ ಒಂದು.

ಹಂತ 7: ಪ್ಲೇಟ್ ಲೆಕ್ಕ ಈಗ, ಮೊದಲಲ್ಲ

ಹೆಚ್ಚಿನವರು ಪ್ಲೇಟಿನಿಂದ ಶುರು ಮಾಡುತ್ತಾರೆ. ಆದರೆ ಪ್ಲೇಟಿನ ಜೋಡಣೆ ಎಲ್ಲಿ ಬರಬೇಕು ಅನ್ನುವುದು ಸ್ಟಡ್ ಮತ್ತು ಬಾಗಿಲ ಜಾಗ ಗೊತ್ತಾದ ಮೇಲೇ ಹೇಳಲು ಸಾಧ್ಯ.

ಮೇಲ್ ಪ್ಲೇಟ್ ಒಂದೇ ಇರುವುದರಿಂದ ಅದರ ಜೋಡಣೆ ಸ್ಟಡ್ಡಿನ ತಲೆಯ ಮೇಲೇ ಬರಬೇಕು. ಉದ್ದ ಗೋಡೆಗೆ ಎಡದಿಂದ 8 ಅಡಿಯ ಪೀಸ್ ಇಟ್ಟರೆ ಅದು 96ಕ್ಕೆ ಮುಗಿಯುತ್ತದೆ, ಅಲ್ಲಿ ಕಿಂಗ್ ಸ್ಟಡ್ ಇದೆ. ಅಲ್ಲಿಂದ 10 ಅಡಿಯ ಪೀಸ್, 216ಕ್ಕೆ ಸರಿಯಾಗಿ ಮುಗಿಯುತ್ತದೆ.

ಕೆಳ ಪ್ಲೇಟಿಗೆ ಇದೇ ಕ್ರಮ ಬೇಡ. ಬಾಗಿಲ ಜಾಗದ ಕೆಳ ಪ್ಲೇಟನ್ನು ಕೊನೆಗೆ ಕತ್ತರಿಸಿ ತೆಗೆಯುತ್ತೇವಲ್ಲ, ಆಗ 93 ಮುಕ್ಕಾಲಿನಿಂದ 96ರವರೆಗೆ ಬರೀ ಎರಡು ಕಾಲು ಇಂಚಿನ ಚೂರು ಉಳಿಯುತ್ತದೆ. ಅದಕ್ಕೆ ಸ್ಕ್ರೂ ಹಾಕಿದರೆ ಸೀಳುತ್ತದೆ. ಕೆಳಗೆ ಎಡದಿಂದ 10 ಅಡಿ, ಆಮೇಲೆ 8 ಅಡಿ ಇಡಿ. ಬಾಗಿಲ ಬಲಕ್ಕೆ 26 ಇಂಚಿನ ಗಟ್ಟಿ ತುಂಡು ಉಳಿಯುತ್ತದೆ. ಬಾಗಿಲ ಜಾಗದಲ್ಲಿ ಮಾತ್ರ ನೆಲಕ್ಕೆ ಸ್ಕ್ರೂ ಹಾಕಬೇಡಿ.

ಗಿಡ್ಡ ಗೋಡೆಗೆ ಮೇಲೊಂದು, ಕೆಳಗೊಂದು 12 ಅಡಿಯ ಪೀಸ್. ಜೋಡಣೆಯೇ ಇಲ್ಲ.

ಕಾಂಕ್ರೀಟಿಗೆ ತಾಗುವ ಕೆಳ ಪ್ಲೇಟ್ ಕಡ್ಡಾಯವಾಗಿ ಪ್ರೆಶರ್ ಟ್ರೀಟೆಡ್, ಅಂದರೆ ಕೊಳೆಯದಂತೆ ಔಷಧಿ ಹಾಯಿಸಿದ ಮರ ಆಗಿರಬೇಕು. ಸಾಮಾನ್ಯ ಮರ ಕಾಂಕ್ರೀಟಿನ ತೇವ ಹೀರಿ ಕೊಳೆಯುತ್ತದೆ. ಟ್ರೀಟೆಡ್ ಮರಕ್ಕೆ ಸಾಮಾನ್ಯ ಮೊಳೆ ಹೊಡೆದರೆ ತುಕ್ಕು ಹಿಡಿಯುತ್ತದೆ, ಗ್ಯಾಲ್ವನೈಸ್ಡ್ ಮೊಳೆ ಬರೆದುಕೊಳ್ಳಿ. ಅದರ ಚೂರುಗಳನ್ನು ಒಲೆಗೆ, ಅಗ್ಗಿಷ್ಟಿಕೆಗೆ ಹಾಕಲೇಬಾರದು, ಹೊಗೆ ವಿಷ.

ಹಂತ 8: ಒಟ್ಟು ಮಾಡಿ, ಹಾಳು ಸೇರಿಸಿ

ಎಣಿಕೆ ಕೂಡಿಸೋಣ. ಉದ್ದ ಗೋಡೆಗೆ 14, ಗಿಡ್ಡ ಗೋಡೆಗೆ 10, ಮೂಲೆಗೆ 1, ಕೂಡುವ ಜಾಗಗಳಿಗೆ 4, ಜ್ಯಾಕ್ 2, ಹೆಡರ್ ಮತ್ತು ಕ್ರಿಪ್ಪಲ್ಲಿಗೆ 1, ಜಂತೆಯ ನಡುವಿಗೆ 2. ಒಟ್ಟು 34.

ಇದಕ್ಕೆ ನೂರಕ್ಕೆ ಹತ್ತರಷ್ಟು ಹಾಳು ಸೇರಿಸಿ, 4 ಪೀಸ್. ಸೊಟ್ಟ ಮರ, ತಪ್ಪು ಕಡಿತ, ಸೀಳಿದ ತುದಿ ಎಲ್ಲ ಇದರಲ್ಲಿ ಬಂತು. ಮೊದಲ ಸಲ ಮಾಡುವವರು ನೂರಕ್ಕೆ ಹದಿನೈದು ಹಿಡಿದರೆ ತಪ್ಪಿಲ್ಲ.

ಸರಿ ಇದೆಯಾ ಅಂತ ನೋಡಲು ಇಲ್ಲಿನ ಬಡಗಿಗಳ ಒಂದು ಒರಟು ಲೆಕ್ಕ ಇದೆ: ಗೋಡೆಯ ಉದ್ದ ಎಷ್ಟು ಅಡಿಯೋ ಅಷ್ಟು ಸ್ಟಡ್. ನಮ್ಮ ಎರಡು ಗೋಡೆ ಸೇರಿ 29 ಅಡಿ 4 ಇಂಚು, ಅಂದರೆ 30. ಜಂತೆಯ ತುಂಡು ಬಿಟ್ಟು ನಮ್ಮ ಎಣಿಕೆ 32. ಹತ್ತಿರ ಇದೆ. ನಿಮ್ಮ ಎಣಿಕೆ ಅಡಿಗಿಂತ ತುಂಬಾ ಕಡಿಮೆ ಬಂದರೆ ಏನೋ ಮರೆತಿದ್ದೀರಿ, ಹಂತ 4 ಮತ್ತು 5ನ್ನು ಮತ್ತೆ ನೋಡಿ. ಸುಮ್ನೆ 16ರಿಂದ ಭಾಗಿಸಿದ್ದರೆ ಈ ಎರಡು ಗೋಡೆಗೆ 14 ಮತ್ತು 9, ಬರೀ 23 ಬರುತ್ತಿತ್ತು.

ಅಂಗಡಿ ಚೀಟಿ:

- 2×4 ಸ್ಟಡ್, 92 5/8 ಇಂಚು: 38
- 2×4 ಸಾಮಾನ್ಯ: 8 ಅಡಿ 1, 10 ಅಡಿ 1, 12 ಅಡಿ 1
- 2×4 ಪ್ರೆಶರ್ ಟ್ರೀಟೆಡ್: 8 ಅಡಿ 1, 10 ಅಡಿ 1, 12 ಅಡಿ 1
- 2×6 ಸಾಮಾನ್ಯ: 8 ಅಡಿ 1

92 5/8 ಇಂಚು ಅನ್ನುವ ವಿಚಿತ್ರ ಅಳತೆ ನೋಡಿ ಗಾಬರಿ ಬೇಡ. 8 ಅಡಿ ಸೂರಿನ ಗೋಡೆಗೆ, ಮೂರು ಪ್ಲೇಟ್ ಲೆಕ್ಕ ಹಿಡಿದು ಕಾರ್ಖಾನೆಯಲ್ಲೇ ಕತ್ತರಿಸಿದ ಸ್ಟಡ್ ಅದು. ನಮಗೆ ಬೇಕಾದ್ದು 90 ಮುಕ್ಕಾಲು, ಇದರಿಂದ ಎರಡಿಂಚೂ ಹಾಳಾಗುವುದಿಲ್ಲ. ಅಂಗಡಿಯಲ್ಲಿ ಇದರ ಪಕ್ಕದ ರಾಶಿಯೇ 96 ಇಂಚಿನದು, ನೋಡಲು ಎರಡೂ ಒಂದೇ ಥರ. ಬೆಲೆ ಚೀಟಿ ಓದಿ, ಒಂದು ಪೀಸಿಗೆ ಟೇಪು ಹಿಡಿದು ನೋಡಿ, ಆಮೇಲೆ ಗಾಡಿಗೆ ಹಾಕಿ. ಮುಖ್ಯ ವಿಷಯ, ಮೇಲ್ ಪ್ಲೇಟಿನ 8 ಅಡಿಯನ್ನು 92 5/8ರ ರಾಶಿಯಿಂದ ಎತ್ತಿಕೊಂಡರೆ ಜೋಡಣೆ ಸ್ಟಡ್ಡಿನ ಮೇಲೆ ಬರುವುದಿಲ್ಲ.

ಹಂತ 9: ಮರ ಆರಿಸುವುದು, ಮನೆಗೆ ತರುವುದು

ರಾಶಿಯ ಮೇಲಿನ ಹತ್ತು ಪೀಸ್ ಎತ್ತಿಕೊಂಡು ಬಂದರೆ ಬೇರೆಯವರು ಬೇಡ ಅಂತ ಬಿಟ್ಟದ್ದನ್ನೇ ತಂದಂತೆ. ಪ್ರತಿ ಪೀಸಿನ ಒಂದು ತುದಿಯನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ಉದ್ದಕ್ಕೂ ಅಂಚನ್ನು ನೋಡಿ. ಅಂಚಿನ ಕಡೆಗೆ ಸ್ವಲ್ಪ ಬಾಗಿದ್ದರೆ ಪರವಾಗಿಲ್ಲ, ಎಲ್ಲದರ ಬಾಗನ್ನೂ ಒಂದೇ ಕಡೆಗೆ ತಿರುಗಿಸಿ ನಿಲ್ಲಿಸಬಹುದು. ತಿರುಚಿದ್ದನ್ನು ಮಾತ್ರ ಮುಟ್ಟಬೇಡಿ. ಅಂಗಡಿಯ ನೆಲದ ಮೇಲಿಟ್ಟಾಗ ಕುಲುಕಾಡಿದರೆ ಅದು ತಿರುಚಿದೆ ಅಂತಲೇ. ಅಂಚಿನಲ್ಲಿ ತೊಗಟೆ ಉಳಿದು ಮೂಲೆ ಇಲ್ಲದ್ದು, ಅಂಚಿಗೇ ದೊಡ್ಡ ಗಂಟು ಇರುವುದು, ತುದಿ ಸೀಳಿದ್ದು ಕೂಡ ಬೇಡ. ಸ್ವಲ್ಪ ಕುಂದಿದ ಎರಡು ಮೂರು ಪೀಸ್ ಬಂದರೂ ಚಿಂತೆಯಿಲ್ಲ, ಕ್ರಿಪ್ಪಲ್ಲಿಗೆ, ಜಂತೆಯ ತುಂಡಿಗೆ ಅವೇ ಆಗುತ್ತವೆ.

ಮರದ ಮುದ್ರೆಯಲ್ಲಿ ಎಸ್-ಡ್ರೈ ಅಥವಾ ಕೆಡಿ ಅಂತ ಇದ್ದರೆ ಒಣಗಿಸಿದ ಮರ. ಕೈಗೆ ತಣ್ಣಗೆ, ಪಕ್ಕದ್ದಕ್ಕಿಂತ ಭಾರ ಅನ್ನಿಸಿದರೆ ಒಳಗೆ ನೀರಿದೆ. ಅದು ಗೋಡೆಯಲ್ಲಿ ನಿಂತ ಮೇಲೆ ಒಣಗಿ ಸೊಟ್ಟಗಾಗುತ್ತದೆ, ಡ್ರೈವಾಲ್ ಸ್ಕ್ರೂ ತಲೆ ಹೊರಗೆ ಬರುತ್ತದೆ.

8 ಅಡಿಯ ಒಂದು 2×4 ಒಂಬತ್ತು ಹತ್ತು ಪೌಂಡ್ ತೂಗುತ್ತದೆ. 38 ಪೀಸ್ ಅಂದರೆ ಮುನ್ನೂರು ಪೌಂಡ್ ದಾಟಿತು. ಸೀಟು ಮಡಚಿದ ಮಿನಿವ್ಯಾನಿನಲ್ಲಿ ಎರಡು ಸಲ ತರುವುದು ವಾಸಿ. 12 ಅಡಿಯ ಪೀಸ್ ಹಿಂದೆ ಚಾಚಿಕೊಳ್ಳುತ್ತದೆ, ತುದಿಗೆ ಕೆಂಪು ಬಟ್ಟೆ ಕಟ್ಟಿ, ಮರವನ್ನು ಗಾಡಿಯೊಳಗೆ ಬಿಗಿಯಾಗಿ ಬಿಗಿಯಿರಿ. ದೂರ ಇದ್ದರೆ ಮನೆಗೆ ತಲುಪಿಸಲು ಹೇಳಿ. ಆದರೆ ಆಗ ಮರವನ್ನು ಆರಿಸುವುದು ಬೇರೆಯವರು, ಹಾಳಿನ ಲೆಕ್ಕಕ್ಕೆ ಇನ್ನೆರಡು ಸೇರಿಸಿ.

ಕತ್ತರಿಸದ ಮರ ವಾಪಸ್ ತೆಗೆದುಕೊಳ್ಳುತ್ತೀರಾ ಅಂತ ಕೊಳ್ಳುವಾಗಲೇ ಕೇಳಿ, ರಸೀದಿ ಇಟ್ಟುಕೊಳ್ಳಿ. ಮನೆಗೆ ತಂದ ಮರವನ್ನು ಬೇಸ್‌ಮೆಂಟಿನಲ್ಲೇ, ನೆಲಕ್ಕೆ ತಾಗದಂತೆ ಅಡ್ಡ ಪಟ್ಟಿಗಳ ಮೇಲೆ ಚಪ್ಪಟೆಯಾಗಿ ಪೇರಿಸಿ, ಮೂರ್ನಾಲ್ಕು ದಿನ ಬಿಡಿ. ಗೋಡೆಗೆ ಒರಗಿಸಿ ನಿಲ್ಲಿಸಬೇಡಿ, ಬಾಗುತ್ತದೆ. ಕತ್ತರಿಸುವ ದಿನ ಬೆಳಿಗ್ಗೆ ಎಲ್ಲವನ್ನೂ ಇನ್ನೊಮ್ಮೆ ಕಣ್ಣಿಟ್ಟು ನೋಡಿ, ಅತಿ ನೆಟ್ಟಗಿರುವ ನಾಲ್ಕನ್ನು ಬಾಗಿಲ ಕಿಂಗ್ ಮತ್ತು ಜ್ಯಾಕಿಗೆ ಬೇರೆ ತೆಗೆದಿಡಿ. ಮೊದಲು ಒಂದೇ ಒಂದು ಸ್ಟಡ್ಡನ್ನು 90 ಮುಕ್ಕಾಲಿಗೆ ಕತ್ತರಿಸಿ, ಎರಡು ಪ್ಲೇಟ್ ಚೂರಿನ ನಡುವೆ ಇಟ್ಟು, ಗೋಡೆಯ ಗೆರೆಯುದ್ದಕ್ಕೂ ನಿಲ್ಲಿಸಿ ನೋಡುತ್ತಾ ಹೋಗಿ. ಎಲ್ಲ ಕಡೆ ಕಾಲು ಇಂಚಾದರೂ ಸಂದಿ ಕಂಡರೆ ಉಳಿದದ್ದನ್ನು ಕತ್ತರಿಸಲು ಶುರು ಮಾಡಿ.